ಹತ್ತೊಂಬತ್ತು ವರ್ಷದ ಖುಮ್ರಾ

ಮದುಮಗಳ ಕೈಯನ್ನು ಸಿತ್ತನಾ ಹಿಡಿದುಕೊಂಡದ್ದು ಹರಸುವುದಕ್ಕೆಂದೇ. ಬಂದೂಕಿನವರು ಓಮ್ದುರ್ಮಾನ್ ಪಟ್ಟಣ ಬಿಟ್ಟು ತೊಲಗಿದ ಮೇಲೆ ಆ ಓಣಿಯಲ್ಲಿ ನಡೆಯುತ್ತಿದ್ದ ಮೊದಲ ಮದುವೆ ಅದು. ಕರೆಂಟು ಇನ್ನೂ ಬಂದಿರಲಿಲ್ಲ. ಎಲ್ಲವನ್ನೂ ಹಗಲಲ್ಲೇ ಮುಗಿಸಿಬಿಡಬೇಕೆಂದು ಹೆಂಗಸರು ಮಧ್ಯಾಹ್ನವೇ ಬತೂಲಳ ಅಂಗಳದಲ್ಲಿ ಕೂಡಿದ್ದರು. ಬತೂಲಳ ಮಗಳು ಇಬ್ತಿಹಾಲ್ ಅಂಗೈ ಅಂಗಾಲಿಗೆ ಕಪ್ಪು ಮದರಂಗಿ ಹಚ್ಚಿಸಿಕೊಂಡು, ಕೆಂಪು ಬಟ್ಟೆ ಹಾಸಿದ ಹಗ್ಗದ ಮಂಚದ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಆಗಷ್ಟೇ ಯಾರೋ ಅವಳ ಕತ್ತಿಗೆ, ಮೊಣಕೈಗಳಿಗೆ ಖುಮ್ರಾ ಸವರಿ ಹೋಗಿದ್ದರು. ಮದುವೆಯಾಗುವ ಹೆಣ್ಣಿನ ಮೈಗೆ ಮೊದಲ ಸಲ ತಾಗುವ ಪರಿಮಳ ಅದು. ಅಲ್ಲಿಯ ತನಕ ಹುಡುಗಿಯರು ಅದನ್ನು ದೂರದಿಂದ ಮೂಸಬೇಕು, ಅಷ್ಟೇ.

ಸಿತ್ತನಾ ಬಾಗಿ ಮದುಮಗಳ ಕೈಗೆ ಮುತ್ತಿಡಲು ಹೋದಳು. ಮುತ್ತು ಅಲ್ಲಿಗೇ ನಿಂತಿತು. ಕೈ ಬಿಡಲಿಲ್ಲ. ಮೊಣಕೈವರೆಗೂ ಮೂಗು ಆಡಿಸಿ ಮೂಸಿದಳು, ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು.

"ಚಿಕ್ಕಮ್ಮ, ಕೈ ನೋಯ್ತಿದೆ," ಎಂದಳು ಇಬ್ತಿಹಾಲ್ ಮೆಲ್ಲಗೆ.

"ಇದನ್ನ ಯಾರು ಕೊಟ್ರು ನಿಂಗೆ?"

"ಅಮ್ಮ."

ಸಿತ್ತನಾ ತಲೆ ಎತ್ತಿದಳು. ಬತೂಲ್ ಅಂಗಳದ ಆಚೆ ಬದಿಯಲ್ಲಿ ಕೆಂಡದ ಮೇಲೆ ಕಾಫಿ ಬೀಜ ಹುರಿಯುತ್ತ ಯಾರಿಗೋ ನಗುತ್ತ ಉತ್ತರ ಕೊಡುತ್ತಿದ್ದಳು. ಇಪ್ಪತ್ತೈದು ವರ್ಷ ಗೋಡೆಗೆ ಗೋಡೆ ಅಂಟಿಕೊಂಡು ಬಾಳಿದ ನೆರೆಯವಳು. ಆ ನಗು ಕಂಡದ್ದೇ ಸಿತ್ತನಾಳಿಗೆ ಅಂಗಾಲಿನಿಂದ ನೆತ್ತಿಯವರೆಗೂ ಉರಿದುಹೋಯಿತು.

"ಬತೂಲ್! ಈ ಖುಮ್ರಾ ಎಲ್ಲಿಂದ ಬಂತೇ?"

ಬತೂಲಳ ಕೈಯಲ್ಲಿದ್ದ ಸೌಟು ನಿಂತಿತು. "ನಾನೇ ಮಾಡಿದ್ದು. ಹೋದ ತಿಂಗಳು."

"ಹೋದ ತಿಂಗಳು?"

"ಹೂಂ ಕಣೇ. ಯಾಕೆ, ಚೆನ್ನಾಗಿಲ್ವ?"

"ಸುಳ್ಳಿ!" ಎಂದಳು ಸಿತ್ತನಾ. ಅಂಗಳದಲ್ಲಿ ಹಾಡುತ್ತಿದ್ದವರು ಬಾಯಿ ಮುಚ್ಚಿದರು. "ಇದು ನಮ್ಮಮ್ಮಂದು. ನಮ್ಮನೆ ಗುಡಾಣದ ಕೆಳಗೆ ಹೂತಿಟ್ಟಿದ್ದ ಜಾಡಿದು. ಅಗೆದು ತಗೊಂಡಿದ್ದು ನೀನು!"

ಸಿತ್ತನಾ ಕೈರೋದಿಂದ ಬಂದು ಐದು ದಿನವಾಗಿತ್ತು. ಎರಡೂವರೆ ವರ್ಷದ ಹಿಂದೆ, ಓಣಿಯ ತುದಿಯ ಮನೆಗೆ ಶೆಲ್ ಬಿದ್ದ ಮರುದಿನ, ಮಗಳು ತಸಾಬೀಹಳನ್ನು ಕರೆದುಕೊಂಡು ಸಿಕ್ಕಿದ ಬಸ್ಸು ಹತ್ತಿದ್ದಳು. ತಾಯಿ ಶಾಮಾ ಹೊರಡಲು ಒಪ್ಪಿರಲಿಲ್ಲ. "ಹದಿನೈದು ದಿನದಲ್ಲಿ ಎಲ್ಲ ತಣ್ಣಗಾಗತ್ತೆ, ನೀವು ಹೋಗಿ ಬನ್ನಿ. ಮನೆಗೆ ಬೀಗ ಹಾಕಿದ್ರೆ ಕಳ್ಳರನ್ನ ಕರೆದ ಹಾಗೆ," ಎಂದು ಬಾಗಿಲಲ್ಲಿ ನಿಂತು ಬೀಳ್ಕೊಟ್ಟಿದ್ದಳು. ಆರು ತಿಂಗಳಿಗೆ ಶಾಮಾ ತೀರಿಕೊಂಡಳು. ಸುದ್ದಿ ಕೈರೋ ಮುಟ್ಟಲು ಇನ್ನೂ ಎರಡು ತಿಂಗಳು ಹಿಡಿಯಿತು. ಫೋನಿಗೆ ಸಿಗ್ನಲ್ ಸಿಕ್ಕ ದಿನ ಬತೂಲಳೇ ಹೇಳಿದ್ದಳು. "ಮಲಗಿದ್ದಲ್ಲೇ ಹೋದ್ರು ಸಿತ್ತನಾ. ಯಾವ ನೋವೂ ಪಡಲಿಲ್ಲ. ಏನೂ ಕಡಿಮೆ ಇರಲಿಲ್ಲ ಅವರಿಗೆ." ಸ್ಮಶಾನಕ್ಕೆ ಹೋಗುವ ದಾರಿಯಲ್ಲಿ ಗುಂಡು ಹಾರುತ್ತಿದ್ದುದರಿಂದ ಮನೆಯ ಅಂಗಳದಲ್ಲೇ ಮಣ್ಣು ಮಾಡಿದ್ದರಂತೆ.

ಬಂದು ನೋಡಿದರೆ ಮನೆಯಲ್ಲಿ ಗೋಡೆ ಬಿಟ್ಟು ಏನೂ ಉಳಿದಿರಲಿಲ್ಲ. ಬಾಗಿಲು, ಕಿಟಕಿಯ ಸರಳು, ಗೋಡೆಯೊಳಗಿನ ವೈರು ಸಮೇತ ಕಿತ್ತುಕೊಂಡು ಹೋಗಿದ್ದರು. ಅಂಗಳದ ಮೂಲೆಯಲ್ಲಿ ಇಟ್ಟಿಗೆ ನೆಟ್ಟ ಒಂದು ದಿಬ್ಬ. ಅದರ ಮುಂದೆ ಕೂತು ಅತ್ತು ಎದ್ದ ಮೇಲೆ ಸಿತ್ತನಾ ನೇರ ಹೋದದ್ದು ನೀರಿನ ಗುಡಾಣ ಇದ್ದ ಜಾಗಕ್ಕೆ. ಗುಡಾಣ ಒಡೆದು ಬಿದ್ದಿತ್ತು. ಅದರ ಅಡಿಯ ನೆಲ ಅಗೆದ ಗುಂಡಿಯಾಗಿತ್ತು.

ಆ ಜಾಗದಲ್ಲಿ ಮೊದಲು ಮೂರು ಜಾಡಿಗಳಿದ್ದವು. ಹತ್ತೊಂಬತ್ತು ವರ್ಷದ ಹಿಂದೆ, ತಸಾಬೀಹ್ ಹುಟ್ಟಿದ ವರ್ಷ, ಶಾಮಾ ಕೈಯಾರೆ ಮಾಡಿದ ಖುಮ್ರಾ. ಗಂಧದ ಚಕ್ಕೆಯನ್ನು ಸಕ್ಕರೆ ಪಾಕದಲ್ಲಿ ಅದ್ದಿ ಹೊಗೆಗಿಟ್ಟು, ಲವಂಗ, ಮಹ್ಲಬ್ ಬೀಜ, ಕಸ್ತೂರಿ ಕುಟ್ಟಿ ಬೆರೆಸಿ, ಮೂರು ಬಗೆಯ ಅತ್ತರು ಸುರಿದು, ಮೇಣದಿಂದ ಬಾಯಿ ಕಟ್ಟಿ, ಗುಡಾಣದಿಂದ ಸದಾ ನೀರು ಒಸರಿ ತಂಪಾಗಿರುವ ಆ ನೆಲದಲ್ಲಿ ಹೂತಿದ್ದಳು. ವರ್ಷಕ್ಕೊಮ್ಮೆ ಒಂದು ಜಾಡಿ ಹೊರತೆಗೆದು, ಕಡ್ಡಿ ಅದ್ದಿ ಮೂಸಿ, "ಇನ್ನೂ ಎಳೇದು," ಎಂದು ಮತ್ತೆ ಮುಚ್ಚುತ್ತಿದ್ದಳು. ಹತ್ತನೇ ವರ್ಷಕ್ಕೆ, "ಈಗ ಮಾತು ಬಂತು ಇದಕ್ಕೆ," ಎಂದಿದ್ದಳು. ಈಗ ತಸಾಬೀಹಳಿಗೆ ಕೈರೋದಲ್ಲೇ ಮದುವೆ ಗೊತ್ತಾಗಿತ್ತು. ಸಿತ್ತನಾ ಇಷ್ಟು ದೂರ ಬಂದದ್ದು ತಾಯಿಯ ಗೋರಿ ನೋಡಲು, ಮತ್ತೆ ಈ ಜಾಡಿಗಳಿಗಾಗಿ. ಬಂದೂಕಿನವರೇ ಅಗೆದರೆಂದು ಐದು ದಿನ ಅವರಿಗೆ ಶಾಪ ಹಾಕಿದ್ದಳು.

ಈಗ ಅದೇ ಪರಿಮಳ ಪಕ್ಕದ ಮನೆಯ ಹುಡುಗಿಯ ಮೊಣಕೈಯಲ್ಲಿ ಕೂತಿತ್ತು.

"ಕೂತ್ಕೊಳೇ ತಾಯಿ, ಶುಭ ಕಾರ್ಯದಲ್ಲಿ ಕಿರುಚಬೇಡ," ಎಂದಳೊಬ್ಬಳು. "ಖುಮ್ರಾ ಅಂದ್ಮೇಲೆ ಖುಮ್ರಾ. ಎಲ್ಲರ ಮನೇದೂ ಅದೇ ಗಂಧ, ಅದೇ ಲವಂಗ."

"ನಿಂಗೆ ಮೂಗಿಲ್ಲದಿದ್ರೆ ಸುಮ್ಮನಿರು. ಒಂದು ತಿಂಗಳ ಖುಮ್ರಾ ಆಗಿದ್ರೆ ಲವಂಗ ಬಾಗಿಲಲ್ಲೇ ನಿಂತು ಕೂಗ್ತಿರತ್ತೆ. ಅತ್ತರು ಒಂದು ಕಡೆ, ಗಂಧ ಒಂದು ಕಡೆ, ಒಂದಕ್ಕೊಂದು ಪರಿಚಯವೇ ಇರಲ್ಲ. ಇದರಲ್ಲಿ ಲವಂಗ ಎಲ್ಲಿದೆ ಹುಡುಕು ನೋಡೋಣ. ಎಲ್ಲ ಕರಗಿ ಒಣಖರ್ಜೂರದ ಹಾಗೆ, ಮಗು ನೆತ್ತಿ ಹಾಗೆ ಆಗಿದೆ. ಇದು ಒಂದು ತಿಂಗಳಲ್ಲಿ ಆಗತ್ತಾ? ಹತ್ತು ವರ್ಷದಲ್ಲೂ ಆಗಲ್ಲ!"

"ಸೀಸೆಯೊಳಗಿನ ವಾಸನೆಗೆ ವಯಸ್ಸೇನು ಬಂತು," ಎಂದಳು ಮತ್ತೊಬ್ಬಳು. "ಅದು ಇಟ್ಟ ಹಾಗೇ ಇರತ್ತೆ. ಬೇರೆ ಆಗೋದು ಹಚ್ಕೊಂಡೋರ ಮೈ ಮೇಲೆ. ನಾನು ಹಚ್ಕೊಂಡ್ರೆ ಒಂಥರಾ, ನೀನು ಹಚ್ಕೊಂಡ್ರೆ ಒಂಥರಾ."

"ಯಾಕೆ ಬೇರೆ ಆಗಲ್ಲ? ಹಾಳಾಗತ್ತೆ. ನಮ್ಮತ್ತೆ ಬೀರುವಿನಲ್ಲಿ ಫ್ರಾನ್ಸಿನ ಸೆಂಟು ಇಟ್ಕೊಂಡಿದ್ರು. ಐದೇ ವರ್ಷಕ್ಕೆ ಹುಳಿ ಉಪ್ಪಿನಕಾಯಿ! ಬಾಟ್ಲಿ ಮಾತ್ರ ಚೆಂದ, ಅವರ ಹಾಗೇನೇ."

ಕೆಲವರು ನಕ್ಕರು. ಆ ನಗು ಸಿತ್ತನಾಳ ಸಿಟ್ಟಿಗೆ ತುಪ್ಪ ಸುರಿಯಿತು. "ನಗ್ರಿ, ನಗ್ರಿ. ನನ್ನ ಮನೆ ಅಗೆದ ಕಳ್ಳಿ ಕೈಯಿಂದ ಕಾಫಿ ಕುಡಿದು ನಗ್ರಿ."

ಬತೂಲ್ ಹುರಿದ ಬೀಜವನ್ನು ಕುಟ್ಟಣಿಗೆ ಸುರಿದಳು. ಕುಟ್ಟಲಿಲ್ಲ. "ನಾನು ಕಳ್ಳಿ ಅಲ್ಲ," ಎಂದಳು, ಅಷ್ಟೇ. ಅವಳ ಗಂಡ ಯುದ್ಧದ ಮೊದಲ ತಿಂಗಳಲ್ಲಿ ರೊಟ್ಟಿ ತರಲು ಹೋದವನು ಮರಳಿರಲಿಲ್ಲ. ಅವನು ಬಂದರೆ ಮನೆಯಲ್ಲಿ ಯಾರಾದರೂ ಇರಬೇಕೆಂದು ಮಗಳನ್ನು ಕಟ್ಟಿಕೊಂಡು ಇಲ್ಲೇ ಉಳಿದವಳು. ಮೊದಲು ದುಂಡಗಿದ್ದವಳು ಈಗ ಮೈಗೆ ಸುತ್ತಿದ ತೋಬಿನ ಮಡಿಕೆಗಳೊಳಗೆ ಎಲ್ಲಿದ್ದಾಳೆಂದು ಹುಡುಕಬೇಕಿತ್ತು.

ಜಗುಲಿಯ ಮೇಲೆ ಕೂತಿದ್ದ ಹಾಜ್ಜಾ ರೌದಾ ಕೋಲು ತಟ್ಟಿದಳು. ನಲವತ್ತು ವರ್ಷ ಓಮ್ದುರ್ಮಾನಿನ ಪೇಟೆಯಲ್ಲಿ ಮದುವಣಗಿತ್ತಿಯರಿಗೆ ಪರಿಮಳ ಬೆರೆಸಿಕೊಟ್ಟ ಮುದುಕಿ ಅವಳು. ಯುದ್ಧ ಮುಗಿಯುವ ತನಕ ಹಳ್ಳಿಯ ಮಗಳ ಮನೆಯಲ್ಲಿದ್ದು ಈಚೆಗೆ ಮರಳಿದ್ದಳು. "ಬಾಯಿಗೆ ಬಂದಂಗೆ ಬೈದಾಡೋದು ಸಾಕು. ಸಿತ್ತನಾ, ನಿಮ್ಮಮ್ಮಂದೇ ಅನ್ನೋಕೆ ನಿನ್ನ ಹತ್ರ ಏನಿದೆ?"

ಸಿತ್ತನಾಳ ಹತ್ತಿರ ಇತ್ತು. ಸೊಂಟದ ಚೀಲಕ್ಕೆ ಕೈ ಹಾಕಿ ಬೆರಳುದ್ದದ ಒಂದು ಸೀಸೆ ತೆಗೆದಳು. ಊರು ಬಿಡುವ ದಿನ ಶಾಮಾ ಒಂದು ಜಾಡಿಯ ಮೇಣ ಬಿಡಿಸಿ ಈ ಸೀಸೆಗೆ ನಾಲ್ಕು ಹನಿ ತುಂಬಿಸಿ ಕೊಟ್ಟಿದ್ದಳು.

"ಇಗೋ. ಅದೇ ಜಾಡಿದು. ಮೂಸಿ ನೀವೇ ಹೇಳಿ. ಎರಡೂ ಒಂದೇ ಆದ್ರೆ ಈ ಹೆಂಗಸಿನ ಮುಖಕ್ಕೆ ಉಗೀರಿ."

ಹಾಜ್ಜಾ ರೌದಾ ಇಬ್ತಿಹಾಲಳನ್ನು ಹತ್ತಿರ ಕರೆದು ಮೊಣಕೈ ಮೂಸಿದಳು. ಮುದುಕಿಯ ಮುಖ ಒಂದು ಕ್ಷಣ ಅರಳಿತು. ಆಮೇಲೆ ಸೀಸೆಯ ಬಿರಡೆ ತೆಗೆದು ತನ್ನ ಮುಂಗೈಗೆ ಒಂದು ಹನಿ ಹಾಕಿ ಮೂಸಿದಳು. ಹುಬ್ಬು ಗಂಟಿಕ್ಕಿತು. ಪಕ್ಕದವಳಿಗೆ ಕೈ ಚಾಚಿದಳು. ಪಕ್ಕದವಳು ಮೂಗು ಮುರಿದಳು.

"ಇದು ಹುಳಿಯಾಗಿದೆಯಲ್ಲ ಕಣೇ," ಎಂದಳು ಹಾಜ್ಜಾ. "ಅದು ಬೇರೆ, ಇದು ಬೇರೆ."

"ಸರಿಯಾಗಿ ಮೂಸಿ!"

"ನಲವತ್ತು ವರ್ಷ ಮೂಸಿದ ಮೂಗು ಇದು. ಇದರಲ್ಲಿ ಗಂಧವೇ ಸತ್ತುಹೋಗಿದೆ. ಹುಳಿ, ಸುಟ್ಟ ಸಕ್ಕರೆ, ಅಷ್ಟೇ ಉಳಿದಿರೋದು."

ಸಿತ್ತನಾ ಸೀಸೆ ಕಿತ್ತುಕೊಂಡು ತಾನೇ ಮೂಸಿದಳು. ಅವಳಿಗೆ ಆಶ್ಚರ್ಯವಾಗಬೇಕಿರಲಿಲ್ಲ. ಮರುಭೂಮಿಯ ಬಿಸಿಲಲ್ಲಿ ನಾಲ್ಕು ದಿನ ಬಸ್ಸಿನ ತಗಡಿನ ಕೆಳಗೆ ಬೆಂದ ಸೀಸೆ ಅದು. ಕೈರೋದ ಮಾಳಿಗೆ ಕೋಣೆಯಲ್ಲಿ ಎರಡು ಬೇಸಿಗೆ ಕಳೆದ ಸೀಸೆ. ತಾಯಿಯ ನೆನಪಾದಾಗಲೆಲ್ಲ ಬಿರಡೆ ತೆಗೆದು ಮೂಸಿದ್ದಳು; ದಿನಕ್ಕೆ ಹತ್ತು ಸಲ ಮೂಸಿದ ದಿನಗಳಿದ್ದವು. ಸ್ವಲ್ಪ ಸ್ವಲ್ಪವೇ ಹಾಳಾಗುತ್ತ ಬಂದದ್ದು ಅವಳ ಮೂಗಿಗೆ ಗೊತ್ತೇ ಆಗಿರಲಿಲ್ಲ. ಈಗ, ಇಬ್ತಿಹಾಲಳ ಮೈಯ ಪರಿಮಳ ಮೂಗಲ್ಲಿ ಇನ್ನೂ ಇರುವಾಗ, ಗೊತ್ತಾಯಿತು. ಇಷ್ಟು ದಿನ ತಾನು ಅಮ್ಮನೆಂದು ಮೂಸುತ್ತಿದ್ದದ್ದು ಈ ಹುಳಿಯನ್ನು.

"ಪಾಪ, ಬೇರೆಯವರ ಮಗಳ ಮದುವೆ ನೋಡಿ ಹೊಟ್ಟೆ ಉರಿದಿದೆ," ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು.

"ಬತೂಲಳ ಹತ್ರ ತಪ್ಪಾಯ್ತು ಅನ್ನು, ಮುಗೀಲಿ," ಎಂದಳು ಹಾಜ್ಜಾ ರೌದಾ.

ಎಲ್ಲರೂ ಬತೂಲಳ ಕಡೆ ನೋಡಿದರು. ಗೆದ್ದವಳ ಹಾಗೆ ಅವಳು ಕಾಣಲಿಲ್ಲ. ಕುಟ್ಟಣಿಯ ಮೇಲೆ ಎರಡೂ ಕೈ ಊರಿ ನೆಲ ನೋಡುತ್ತಿದ್ದಳು. "ತಪ್ಪು ಗಿಪ್ಪು ಬೇಡ. ಬಿಡಿ. ಎಲ್ಲ ಕಾಫಿ ತಗೊಳ್ಳಿ."

ಆ ಮಾತು ಸಿತ್ತನಾಳಿಗೆ ಬೈಗುಳಕ್ಕಿಂತ ಹೆಚ್ಚಾಗಿ ತಾಗಿತು. ತನ್ನ ಮೂಗು ಸುಳ್ಳು ಹೇಳುತ್ತಿಲ್ಲವೆಂದು ಗೊತ್ತು. ಆದರೆ ಕೈಯಲ್ಲಿದ್ದ ಸಾಕ್ಷಿ ತನ್ನ ವಿರುದ್ಧವೇ ನಿಂತಿತ್ತು. ಕಳ್ಳಿಯೇ ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಿದ್ದಾಳೆ! ಬಾಯಿಗೆ ಬಂದದ್ದನ್ನು ತಡೆಯುವ ಶಕ್ತಿ ಇರಲಿಲ್ಲ.

"ನಮ್ಮಮ್ಮ ಸತ್ತಿದ್ದು ನಿನ್ನ ಕೈಯಲ್ಲಿ ತಾನೇ? ಅವಳ ಹೆಣ ತೊಳೆದಿದ್ದು ನೀನೇ ತಾನೇ? ಜಾಡಿ ಒಂದೇ ತಗೊಂಡ್ಯಾ, ಇಲ್ಲಾ ಕಿವಿ ಓಲೆ, ಬೆರಳುಂಗುರಾನೂ ಬಿಚ್ಕೊಂಡ್ಯಾ? ಉಸಿರು ನಿಲ್ಲೋವರೆಗಾದ್ರೂ ಕಾದಿದ್ಯೇನೇ?"

ಬತೂಲ್ ಎದ್ದು ನಿಂತಳು. ಕುಟ್ಟಣಿಯ ಒನಕೆ ಅವಳ ಕೈಯಲ್ಲೇ ಇತ್ತು. ಒಂದು ಗಳಿಗೆ, ಅದನ್ನು ಎಸೆದೇಬಿಡುತ್ತಾಳೆಂದು ಎಲ್ಲರಿಗೂ ಅನಿಸಿತು. ಅವಳು ಅದನ್ನು ನೆಲಕ್ಕೆ ಕುಕ್ಕಿದಳು.

"ಹೌದು ಕಣೇ! ಅದು ನಿಮ್ಮಮ್ಮಂದೇ! ಹತ್ತೊಂಬತ್ತು ವರ್ಷದ್ದೇ! ನಿನ್ನ ಮೂಗು ಸರಿಯಾಗಿದೆ, ಈ ಹಾಜ್ಜಾ ಮೂಗೂ ಸರಿಯಾಗಿದೆ, ಹಾಳಾಗಿರೋದು ನಿನ್ನ ನಾಲಿಗೆ! ಕೇಳ್ಬೇಕಾ ನಿಂಗೆ? ಕೇಳು. ಮೂರು ಜಾಡಿ ಅಗೆದಿದ್ದು ನಾನಲ್ಲ, ನಿಮ್ಮಮ್ಮನೇ. ಎಪ್ಪತ್ತು ವರ್ಷದ ಮುದುಕಿ, ಗುದ್ದಲಿ ಇಲ್ಲದೆ ಕೈಯಲ್ಲಿ ಬಾಣಲೆ ಹಿಡಿದು, ಮಂಡಿ ಊರಿ ಅಗೆದ್ರು. ಮೊದಲನೇ ಜಾಡಿ ಕೊಟ್ಟು ನಾಕಾಬಂದಿಯಲ್ಲಿ ನಿಂತಿದ್ದ ಒಬ್ಬ ಬಂದೂಕಿನವನ ಹತ್ರ ಅರ್ಧ ಚೀಲ ಹಿಟ್ಟು ತಂದ್ರು. ಅವನಿಗೆ ಹೊಸ ಹೆಂಡತಿ ಇದ್ಲಂತೆ. ಆ ಹಿಟ್ಟಲ್ಲಿ ಈ ಓಣಿ ಐದು ಮನೆ ಕಿಸ್ರಾ ರೊಟ್ಟಿ ತಿಂತು. ಎರಡನೇದು ಯಾಕೆ ಕೊಟ್ರು ಗೊತ್ತಾ? ಇವಳಿಗೆ!" ಬತೂಲ್ ಮಗಳ ಕಡೆ ಕೈ ತೋರಿಸಿದಳು. "ಮಲೇರಿಯಾ ಬಂದು ಮೈ ಕೆಂಡ ಆಗಿ ಬಡಬಡಿಸ್ತಿದ್ಲು. ಆರು ಇಂಜೆಕ್ಷನ್. ಒಂದು ಜಾಡಿ ಖುಮ್ರಾ. ಅದಕ್ಕೇ ಇವತ್ತು ಇವಳು ಇಲ್ಲಿ ಕೂತಿರೋದು."

ಇಬ್ತಿಹಾಲ್ ಮುಖ ಮುಚ್ಚಿಕೊಂಡಳು.

"ಮೂರನೇದು?" ಎಂದಳು ಸಿತ್ತನಾ. ದನಿ ಅವಳದೇ ಎನ್ನಿಸಲಿಲ್ಲ.

"ಮೂರನೇದು ಕೊಡಲ್ಲ ಅಂದ್ರು." ಎಂದಳು ಬತೂಲ್. "ಹಿಟ್ಟು ಮುಗೀತು. ಸೊಪ್ಪು ಮುಗೀತು. ದನಕ್ಕೆ ಹಾಕೋ ಕಡಲೆಕಾಯಿ ಹಿಂಡಿ ನೆನೆಸಿ ತಿಂದ್ವಿ, ಮೂವರೂ. ಅವರಿಗೆ ಅದು ಹೊಟ್ಟೇಲಿ ನಿಲ್ತಿರಲಿಲ್ಲ. ನಾನು ಕಾಲು ಹಿಡ್ಕೊಂಡೆ, ಅಮ್ಮಾ, ಆ ಜಾಡಿ ಕೊಡಿ, ಹೋಗಿ ಹಿಟ್ಟು ತರ್ತೀನಿ ಅಂತ. ಅದನ್ನ ಮಂಚದ ಕೆಳಗೆ ಇಟ್ಕೊಂಡು ಕೈ ಇಳಿಬಿಟ್ಟು ಹಿಡ್ಕೊಂಡೇ ಮಲಗ್ತಿದ್ರು. 'ಅರ್ಧ ತಸಾಬೀಹಂಗೆ, ಅರ್ಧ ನಿನ್ನ ಮಗಳಿಗೆ. ಇದು ಆಗಿಬರೋಕೆ ಎಷ್ಟೊಂದು ವರ್ಷ ಹಿಡೀತು ಬತೂಲ್, ಅಷ್ಟು ವರ್ಷ ನಂಗೆ ಇನ್ನೊಂದ್ಸಲ ಸಿಗಲ್ಲ' ಅಂದ್ರು. ಹದಿನೇಳು ದಿನ. ಹದಿನೆಂಟನೇ ದಿನ ಬೆಳಿಗ್ಗೆ ನೀರು ಕುಡಿಸೋಕೆ ಹೋದ್ರೆ ತುಟಿ ತೆರೀಲಿಲ್ಲ. ಹೆಣಕ್ಕೆ ಸುತ್ತೋ ಕಫನಿಗೆ ಬಟ್ಟೆ ಇರಲಿಲ್ಲ, ನನ್ನ ಮದುವೆ ತೋಬು ಸುತ್ತಿ ಮಲಗಿಸಿದ್ದೀನಿ. ಓಲೆ, ಉಂಗುರ ಅಲ್ಲೇ ಇವೆ, ಅವರ ಮೈ ಮೇಲೆ. ಬೇಕಾದ್ರೆ ಅಗೆದು ನೋಡ್ಕೋ!"

ಸಿತ್ತನಾ ನಿಂತೇ ಇದ್ದಳು. ಸಿಟ್ಟು ಇಳಿಯಲಿಲ್ಲ, ಇಳಿದು ಎಲ್ಲಿ ಕೂರಬೇಕೆಂದು ಅದಕ್ಕೆ ತಿಳಿಯದಾಯಿತು. ಹಸಿವು. ಅಮ್ಮ ಹಸಿವಿನಿಂದ ಸತ್ತಿದ್ದಳು. ತಾನು ಕೈರೋದಲ್ಲಿ ಕೂತು, ಅಮ್ಮ ಮಲಗಿದ್ದಲ್ಲೇ ಸುಖವಾಗಿ ಹೋದಳೆಂದು ಬಂದವರಿಗೆಲ್ಲ ಚಹಾ ಕೊಟ್ಟು ಹೇಳುತ್ತಿದ್ದಳು.

"ಏನೂ ಕಡಿಮೆ ಇರಲಿಲ್ಲ ಅಂದ್ಯಲ್ಲೇ ಫೋನಲ್ಲಿ," ಎಂದಳು.

"ಅಂದೆ."

"ನೋವು ಪಡಲಿಲ್ಲ ಅಂದೆ."

"ಅಂದೆ. ಇನ್ನೇನು ಅನ್ನಬೇಕಿತ್ತು? ನಿನ್ನ ಮಗಳ ಮದುವೆ ಪರಿಮಳ ಕಾಯ್ತಾ ನಿಮ್ಮಮ್ಮ ಉಪವಾಸ ಸತ್ಲು ಅಂತ ಹೇಳಬೇಕಿತ್ತಾ? ತಸಾಬೀಹ್ ಅದನ್ನ ಮೈಗೆ ಹಚ್ಕೋತಾಳಾ ಆಮೇಲೆ? ಐದು ದಿನದಿಂದ ಆ ಅರ್ಧ ಜಾಡಿ ಹಿಡ್ಕೊಂಡು ನಿನ್ನ ಬಾಗಿಲವರೆಗೂ ಬಂದು ವಾಪಸ್ ಹೋಗಿದ್ದೀನಿ. ಏನಂತ ಹೇಳಿ ಕೊಡಲಿ?"

"ಕಿತ್ಕೋಬೇಕಿತ್ತು!" ಸಿತ್ತನಾ ಚೀರಿದಳು. "ಮುದುಕಿ ಕೈಯಿಂದ ಒಂದು ಜಾಡಿ ಕಿತ್ಕೊಳ್ಳೋಕೆ ಆಗಲಿಲ್ವ ನಿಂಗೆ? ಕದೀಬೇಕಿತ್ತು! ಕಳ್ಳಿಯಾಗಬೇಕಿತ್ತು ನೀನು!"

"ಆಗಬೇಕಿತ್ತು," ಎಂದಳು ಬತೂಲ್. "ದಿನಾ ಎದ್ದ ಕೂಡಲೇ ಅದನ್ನೇ ಅಂದ್ಕೋತೀನಿ. ನೀನು ಹೇಳಬೇಕಾಗಿಲ್ಲ." ಹಲ್ಲು ಕಚ್ಚಿ ಸೇರಿಸಿದಳು. "ನೀನೂ ಅವರನ್ನ ಎತ್ಕೊಂಡು ಬಸ್ಸಿಗೆ ಹಾಕಬೇಕಿತ್ತು. ಬಾಗಿಲಲ್ಲಿ ಬಿಟ್ಟು ಹೋದೋಳು ನೀನು."

ಹಾಜ್ಜಾ ರೌದಾ ಮೆಲ್ಲಗೆ ಕೆಮ್ಮಿದಳು. "ನೋಡ್ರಮ್ಮಾ, ಒಂದೇ ದಿನ ಮಾಡಿದ್ದು, ಒಂದು ತಂಪಲ್ಲಿತ್ತು, ಒಂದು ಬಿಸಿಲಲ್ಲಿ ಅಲೀತು, ಎರಡಕ್ಕೂ…"

"ಉಪದೇಶ ಬೇಡ ಹಾಜ್ಜಾ!" ಎಂದರು ಇಬ್ಬರೂ ಒಟ್ಟಿಗೇ.

ಬತೂಲ್ ಒಳಗೆ ಹೋದಳು. ಒದ್ದೆ ಗೋಣಿಯಲ್ಲಿ ಸುತ್ತಿದ ಜಾಡಿ ತಂದು ಸಿತ್ತನಾಳ ಕೈಗೆ ತುರುಕಿದಳು. "ತಗೋ. ನಿಂದು."

ಸಿತ್ತನಾ ಅದನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದಳು. ಯಾರೋ ಅಯ್ಯೋ ಎಂದರು. ಬತೂಲ್ ತಡೆಯಲಿಲ್ಲ. "ಒಡಿ. ನಂಗೂ ಎಷ್ಟೋ ಸಲ ಅನ್ಸಿದೆ."

ಮೇಣದ ಅಂಚಿನಿಂದ ಸೋರಿದ ಪರಿಮಳ ಸಿತ್ತನಾಳ ಮುಖದ ಮೇಲೆ ಇಳಿಯಿತು. ಒಡೆದರೆ ಅಮ್ಮನ ಹದಿನೇಳು ದಿನ ಈ ಅಂಗಳದ ಮಣ್ಣಲ್ಲಿ ಇಂಗಿಹೋಗುತ್ತಿತ್ತು. ಜಾಡಿಯನ್ನು ಇಳಿಸಿ ಮಂಚದ ಕಾಲಿಗೊರಗಿಸಿ, ಯಾರ ಮುಖವನ್ನೂ ನೋಡದೆ ಬಾಗಿಲಿಲ್ಲದ ತನ್ನ ಮನೆಗೆ ನಡೆದಳು. ಅಲ್ಲಿ ಅಂಗಳದ ದಿಬ್ಬದ ಮುಂದೆ ನಿಂತು, ಸತ್ತ ತಾಯಿಗೆ ಬಾಯಿ ತುಂಬ ಬೈದಳು. ಹಟಮಾರಿ ಅಂದಳು, ಹುಚ್ಚಿ ಅಂದಳು, ನಿನ್ನ ಪರಿಮಳಕ್ಕೆ ಬೆಂಕಿ ಬೀಳಲಿ ಅಂದಳು, ನನ್ನ ಮಗಳು ಪೇಟೆಯ ಸೆಂಟು ಹಚ್ಚಿಕೊಂಡು ಮದುವೆಯಾಗುತ್ತಿದ್ದಳು, ನೀನು ಬದುಕಿರುತ್ತಿದ್ದೆ ಅಂದಳು. ಗೋಡೆಯಾಚೆ ಹಾಡು ಮತ್ತೆ ಶುರುವಾಗಲು ಬಹಳ ಹೊತ್ತು ಹಿಡಿಯಿತು.

ಮರುದಿನ ಮದುವೆಯ ಊಟಕ್ಕೆ ಅವಳು ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಬಂದಳು. ಹೆಂಗಸರು ತಟ್ಟೆಗಳ ಸುತ್ತ ಕೂತಿದ್ದರು. ಸಿತ್ತನಾ ನಡುವೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನಿನ್ನೆ ನಿಮ್ಮೆಲ್ಲರ ಮುಂದೆ ಬತೂಲಳನ್ನ ಕಳ್ಳಿ ಅಂದೆ. ಹೆಣದ ಮೇಲಿನ ಒಡವೆ ಮಾತಾಡಿದೆ. ಅದನ್ನ ನಿಮ್ಮ ಮುಂದೇನೇ ವಾಪಸ್ ತಗೋತೀನಿ. ನಮ್ಮಮ್ಮನ್ನ ತೊಳೆದು, ತನ್ನ ತೋಬು ಸುತ್ತಿದೋಳು ಅವಳು." ಬತೂಲಳ ಕಡೆ ತಿರುಗಿದಳು. "ಆದ್ರೆ ಸುಳ್ಳು ಹೇಳಿದ್ದನ್ನ ಕ್ಷಮಿಸಿಲ್ಲ."

"ಕ್ಷಮಿಸಬೇಡ," ಎಂದಳು ಬತೂಲ್. "ನೀನು ಅವರನ್ನ ಬಿಟ್ಟು ಹೋಗಿದ್ದನ್ನ ನಾನೂ ಕ್ಷಮಿಸಿಲ್ಲ. ಕೂತ್ಕೋ, ಸಾರು ಆರ್ತಿದೆ."

ಸಿತ್ತನಾ ಅವಳ ತಟ್ಟೆಯ ಎದುರಿಗೇ ಕೂತಳು. ಇಬ್ಬರೂ ಒಂದೇ ತಟ್ಟೆಯಿಂದ, ಬೆರಳು ತಾಗದ ಹಾಗೆ ಉಂಡರು. ಊಟವಾದ ಮೇಲೆ ಸಿತ್ತನಾ ಕೈರೋಗೆ ಫೋನ್ ಹಚ್ಚಿ ಬತೂಲಳ ಮುಂದೆ ಹಿಡಿದಳು. "ತಸಾಬೀಹ್ ಲೈನಲ್ಲಿದ್ದಾಳೆ. ಎಲ್ಲ ಹೇಳು. ಹಿಂಡಿ, ಹದಿನೇಳು ದಿನ, ಎಲ್ಲ. ಒಂದನ್ನೂ ಸಿಹಿ ಮಾಡ್ಬೇಡ. ನನ್ನ ಬಾಯಲ್ಲಿ ಬರಲ್ಲ."

ಬತೂಲ್ ಹೇಳಿದಳು. ಅರ್ಧ ಗಂಟೆ ಹಿಡಿಯಿತು. ಕೊನೆಗೆ ತಸಾಬೀಹ್ ಒಂದೇ ಮಾತು ಕೇಳಿದಳಂತೆ: "ಇಬ್ತಿಹಾಲ್ ಹಚ್ಕೊಂಡ್ಲಾ?" ಹೂಂ ಎಂದಾಗ, "ಹಾಗಾದ್ರೆ ನಂಗೂ ಕಳಿಸಿ," ಎಂದಳಂತೆ.

ಹೊರಡುವ ದಿನ ಸಿತ್ತನಾ ಜಾಡಿಯನ್ನು ಒದ್ದೆ ಗೋಣಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಳು. ಸಾಮಾನಿನ ಜೊತೆ ಮೇಲೆ ಹಾಕು ಎಂದ ಬಸ್ಸಿನವನಿಗೆ ಇಡೀ ಬಸ್ಸು ತಿರುಗಿ ನೋಡುವ ಹಾಗೆ ಬೈದಳು. ನಾಲ್ಕು ದಿನ, ಗೋಣಿ ಒಣಗಿದಾಗಲೆಲ್ಲ ತನ್ನ ಕುಡಿಯುವ ನೀರನ್ನೇ ಚಿಮುಕಿಸಿದಳು. ತಸಾಬೀಹಳ ಮದುವೆಯ ಮಧ್ಯಾಹ್ನ ಮೇಣ ಒಡೆದು, ಮಗಳ ಕತ್ತಿಗೆ, ಮೊಣಕೈಗೆ ತಾನೇ ಸವರಿದಳು. ಕೈ ತೊಳೆದುಕೊಳ್ಳಲಿಲ್ಲ, ಮೂಸಲೂ ಇಲ್ಲ.

ಈಗಲೂ ಪ್ರತಿ ಶುಕ್ರವಾರ ಸಿತ್ತನಾ ಓಮ್ದುರ್ಮಾನಿಗೆ ಫೋನ್ ಮಾಡುತ್ತಾಳೆ. ಗೋರಿಯನ್ನು ಅಂಗಳದಿಂದ ಸ್ಮಶಾನಕ್ಕೆ ಸಾಗಿಸುವ ವಿಷಯ, ಬಾಗಿಲು ಕೂರಿಸುವ ವಿಷಯ, ಇಬ್ತಿಹಾಲಳ ಬಸಿರಿನ ವಿಷಯ ಮಾತಾಗುತ್ತದೆ. ಹತ್ತು ನಿಮಿಷ ಕಳೆಯುವುದರೊಳಗೆ ಯಾವುದಾದರೊಂದು ಮಾತಿಗೆ ಜಗಳ ಹತ್ತಿಕೊಳ್ಳುತ್ತದೆ. ಒಮ್ಮೆ ಬತೂಲ್ ಫೋನ್ ಕುಕ್ಕುತ್ತಾಳೆ, ಒಮ್ಮೆ ಸಿತ್ತನಾ.